ಹಳೆಯ ಐ7 ಬಿಟ್ಟು ಹೊಸ ಐ3 ಕೊಂಡರೆ ಹಿಂಬಡ್ತಿಯೇ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಪ್ರೌಢಶಾಲೆ ಶಿಕ್ಷಕಿ. 2017ರ ಜೂನ್‌ನಲ್ಲಿ ಸ್ವಲ್ಪ ಸಾಲ ಮಾಡಿಯೇ ಒಂದು ಲ್ಯಾಪ್‌ಟಾಪ್ ಕೊಂಡಿದ್ದೆ. ಇಂಟೆಲ್ ಕೋರ್ ಐ7-7500ಯು, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಈಗ ಅದು ಆನ್ ಆಗೋದಕ್ಕೇ ನಾಲ್ಕೈದು ನಿಮಿಷ ಬೇಕು. ಫ್ಯಾನ್ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತದೆ. ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಕಂಪ್ಯೂಟರ್ ಸೈನ್ಸ್. ಅಂಗಡಿಯವರು ಐ3-1215ಯು ಇರುವ ಹೊಸ ಲ್ಯಾಪ್‌ಟಾಪ್ ತೋರಿಸಿ, ‘ನಿಮ್ಮ ಹಳೇದಕ್ಕಿಂತ ಇದು ಎಷ್ಟೋ ಮೇಲು’ ಅಂತಾರೆ. ಐ7ನಿಂದ ಐ3ಗೆ ಇಳಿಯೋದು ಹಿಂಬಡ್ತಿ ಅಲ್ವಾ? ಅದರ ವಿವರದಲ್ಲಿ 1.2 ಗಿಗಾಹರ್ಟ್ಸ್ ಅಂತ ಬೇರೆ ಇದೆ. ನನ್ನದು 2.7. ಯಾವುದನ್ನು ನಂಬಲಿ?

ಉತ್ತರ: ಅಂಗಡಿಯವರು ಹೇಳಿದ್ದು ನಿಜ, ಮೇಡಂ. ಐ3-1215ಯು ನಿಮ್ಮ ಐ7-7500ಯುಗಿಂತ ಸಾಕಷ್ಟು ವೇಗದ ಪ್ರೊಸೆಸರ್. ಕೋರ್ ಎಂದರೆ ಪ್ರೊಸೆಸರ್ ಒಳಗೆ ದುಡಿಯುವ ಒಂದು ಘಟಕ. ಒಂಟಿ ಕೋರ್‌ನ ಕೆಲಸದಲ್ಲಿ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಎಲ್ಲ ಕೋರ್‌ಗಳೂ ಸೇರಿ ದುಡಿಯುವ ಕೆಲಸದಲ್ಲಿ ಎರಡೂವರೆಯಿಂದ ಮೂರು ಪಟ್ಟು. ಆದರೆ ನಿಮ್ಮ ಲ್ಯಾಪ್‌ಟಾಪ್ ಆನ್ ಆಗಲು ಐದು ನಿಮಿಷ ತೆಗೆದುಕೊಳ್ಳುತ್ತಿದೆಯಲ್ಲ, ಅದರಲ್ಲಿ ಆ ಐ7ನ ತಪ್ಪು ಬಹುತೇಕ ಏನೂ ಇಲ್ಲ. ಇವು ಎರಡು ಬೇರೆ ಬೇರೆ ವಿಷಯ. ಬೆರೆಸಿಕೊಂಡರೆ ದುಡ್ಡು ತಪ್ಪು ಕಡೆ ಹೋಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ಐ3, ಐ5, ಐ7 ಎನ್ನುವುದು ಆ ವರ್ಷದ ಬ್ಯಾಚ್‌ನೊಳಗಿನ ಸ್ಥಾನ, ಅಷ್ಟೇ. ನೀವು ಶಿಕ್ಷಕಿ, ನಿಮಗೆ ಇದು ಚೆನ್ನಾಗಿ ಗೊತ್ತು. ಎಂಟನೇ ತರಗತಿಗೆ ಮೊದಲು ಬಂದ ಹುಡುಗಿಯನ್ನೂ ದ್ವಿತೀಯ ಪಿಯುಸಿಯ ಸಾಧಾರಣ ಹುಡುಗಿಯನ್ನೂ ಒಂದೇ ಗಣಿತದ ಪ್ರಶ್ನೆಪತ್ರಿಕೆಗೆ ಕೂರಿಸಿದರೆ ಯಾರಿಗೆ ಜಾಸ್ತಿ ಅಂಕ ಬರುತ್ತದೆ? ಎಂಟನೇ ತರಗತಿಯವಳ ಜಾಣತನಕ್ಕೆ ಅದರಿಂದ ಕುಂದಿಲ್ಲ. ತರಗತಿ ಬೇರೆ, ಅಷ್ಟೇ. ಹಾಗಾಗಿ ಐ7 ಎಂಬುದನ್ನು ಓದುವ ಮೊದಲು ಅದರ ಮುಂದಿನ ಸಂಖ್ಯೆ ಓದಬೇಕು. 7500 ಎಂದರೆ ಏಳನೇ ತಲೆಮಾರು. ಇಂಟೆಲ್ ಅದನ್ನು 2016ರಲ್ಲಿ ತಂದಿತು. 1215 ಎಂದರೆ ಹನ್ನೆರಡನೇ ತಲೆಮಾರು, 2022ರದ್ದು. ನಡುವೆ ಐದು ತಲೆಮಾರು ಕಳೆದಿವೆ.

ಕೊನೆಯ ಅಕ್ಷರವೂ ಮುಖ್ಯ. ಎರಡರಲ್ಲೂ ‘ಯು’ ಇದೆ. ಎಂದರೆ ಕಡಿಮೆ ವಿದ್ಯುತ್ ಬಳಸುವ ತೆಳು ಲ್ಯಾಪ್‌ಟಾಪ್‌ಗಳಿಗೆ ಮಾಡಿದ್ದು, 15 ವಾಟ್ ವರ್ಗದ್ದು. ನಿಮಗೆ ಬೇಸರವಾಗಬಹುದು, ಆದರೂ ಹೇಳಿಬಿಡುತ್ತೇನೆ. ಆ ಕಾಲದ ‘ಯು’ ಸಾಲಿನಲ್ಲಿ ಐ7 ಎಂಬ ಹೆಸರಿಗೆ ತಕ್ಕ ತೂಕ ಇರಲಿಲ್ಲ. ಅದೇ ವರ್ಷದ ಐ5-7200ಯು ತೆಗೆದುಕೊಳ್ಳಿ. ಅದರಲ್ಲೂ ಎರಡು ಕೋರ್, ನಾಲ್ಕು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲುಗಳು). ನಿಮ್ಮ ಐ7ನಲ್ಲೂ ಅಷ್ಟೇ. ಗರಿಷ್ಠ ವೇಗ ಅದರದ್ದು 3.1 ಗಿಗಾಹರ್ಟ್ಸ್, ನಿಮ್ಮದು 3.5. ಕ್ಯಾಶ್ (ಪ್ರೊಸೆಸರ್ ಒಳಗಿನ ಪುಟ್ಟ, ವೇಗದ ನೆನಪು) ಅದರಲ್ಲಿ 3 ಎಂಬಿ, ನಿಮ್ಮದರಲ್ಲಿ 4. ಮುಖ್ಯ ವ್ಯತ್ಯಾಸ ಇಷ್ಟೇ. ಡೆಸ್ಕ್‌ಟಾಪ್‌ನ ಐ7ಗಳಲ್ಲಿ ಆಗ ನಾಲ್ಕು ಕೋರ್ ಇರುತ್ತಿದ್ದವು. ಹೆಸರು ಒಂದೇ ಆದ್ದರಿಂದ ಲ್ಯಾಪ್‌ಟಾಪ್ ಕೊಳ್ಳುವವರೂ ಅದೇ ಎಂದುಕೊಂಡರು. ನೀವು ಸಾಲ ಮಾಡಿ ಕೊಂಡ ವಸ್ತು. ಆವತ್ತೇ ಯಾರಾದರೂ ಇದನ್ನು ಬಿಡಿಸಿ ಹೇಳಬೇಕಿತ್ತು.

ಇನ್ನೊಂದು ಸಂಗತಿ. ನೀವು ಕೊಂಡದ್ದು 2017ರ ಜೂನ್. ಅದೇ ವರ್ಷ ಆಗಸ್ಟ್‌ನಲ್ಲಿ ಇಂಟೆಲ್ ಎಂಟನೇ ತಲೆಮಾರಿನ ಐ5-8250ಯು ತಂದಿತು. ಅದೇ 15 ವಾಟ್‌ನಲ್ಲಿ ನಾಲ್ಕು ಕೋರ್. ಅಲ್ಲಿಯ ತನಕ ವರ್ಷಗಟ್ಟಲೆ ಈ ವರ್ಗದ ಲ್ಯಾಪ್‌ಟಾಪ್‌ಗಳು ಎರಡು ಕೋರ್‌ನಲ್ಲೇ ನಿಂತಿದ್ದವು. 2017ರ ಮಾರ್ಚ್‌ನಲ್ಲಿ ಇಂಟೆಲ್‌ನ ಪ್ರತಿಸ್ಪರ್ಧಿ ಎಎಮ್‌ಡಿಯ ರೈಜನ್ ಪ್ರೊಸೆಸರ್ ಮಾರುಕಟ್ಟೆಗೆ ಬಂದು ಪೈಪೋಟಿ ಬಿಸಿಯಾಯಿತು. ಇಂಟೆಲ್ ಕೂಡ ಕೋರ್ ಹೆಚ್ಚಿಸತೊಡಗಿತು. ನಿಮ್ಮದು ಆ ಬದಲಾವಣೆಗೆ ಸ್ವಲ್ಪ ಮುಂಚಿನದು, ಈ ವರ್ಗದ ಐ5, ಐ7ಗಳಲ್ಲೂ ಎರಡೇ ಕೋರ್ ಇದ್ದ ಕೊನೆಯ ತಲೆಮಾರು. ಈ ಗೆರೆ ಇನ್ನೊಂದು ಕಾರಣಕ್ಕೂ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ಎರಡನೇ ಗೊಂದಲ. 2.7 ಗಿಗಾಹರ್ಟ್ಸ್ ದೊಡ್ಡದೋ 1.2 ದೊಡ್ಡದೋ?

ಒಂದು ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಬಡಿಸುವವರು ಎಂದರೆ ಕೋರ್‌ಗಳು. ಬಡಿಸುವವನು ಎಷ್ಟು ಚುರುಕಾಗಿ ಹೆಜ್ಜೆ ಹಾಕುತ್ತಾನೆ ಎನ್ನುವುದು ಗಿಗಾಹರ್ಟ್ಸ್. ಆದರೆ ಅಷ್ಟರಿಂದಲೇ ಪಂಕ್ತಿ ಬೇಗ ಮುಗಿಯುವುದಿಲ್ಲ. ಒಂದು ಸಲಕ್ಕೆ ಅವನು ಎಷ್ಟು ಎಲೆಗೆ ಬಡಿಸುತ್ತಾನೆ? ಸಾರಿನ ಬಕೆಟ್ ಖಾಲಿಯಾದರೆ ತುಂಬಿಕೊಳ್ಳಲು ಎಷ್ಟು ದೂರ ಓಡಬೇಕು? ಪಕ್ಕದ ಮೇಜಿನಲ್ಲೇ ಪಾತ್ರೆ ಇದೆಯೋ, ಹಿಂದಿನ ಉಗ್ರಾಣಕ್ಕೆ ಹೋಗಬೇಕೋ? ಪಕ್ಕದ ಮೇಜು ಎಂದರೆ ಕ್ಯಾಶ್. ಉಗ್ರಾಣ ಎಂದರೆ ರ‍್ಯಾಮ್. ಉಗ್ರಾಣದಲ್ಲೂ ಇಲ್ಲದಿದ್ದರೆ ಪೇಟೆಗೇ ಆಳು ಕಳಿಸಬೇಕು. ಅದು ನಿಮ್ಮ ಹಾರ್ಡ್ ಡಿಸ್ಕ್.

ಈ ಲೆಕ್ಕದಲ್ಲಿ ಎರಡನ್ನೂ ನೋಡೋಣ. ನಿಮ್ಮ 7500ಯುನ ಕೋರ್ ಒಂದು ಸಲಕ್ಕೆ ಸುಮಾರು ನಾಲ್ಕು ಆದೇಶಗಳನ್ನು ಬಿಡಿಸಿ ಓದಬಲ್ಲದು. 1215ಯುನ ದೊಡ್ಡ ಕೋರ್ ಆರು ಓದುತ್ತದೆ. ಮುಂದೆ ಬರಲಿರುವ ಕೆಲಸವನ್ನು ಮೊದಲೇ ಕಣ್ಣಲ್ಲಿಟ್ಟು, ಯಾವುದು ತಯಾರಿದೆಯೋ ಅದನ್ನು ಮುಗಿಸಿಕೊಳ್ಳುವ ಒಂದು ಏರ್ಪಾಡು ಎರಡರಲ್ಲೂ ಇದೆ. ಹಳೆಯದು ಹಾಗೆ 224 ಕೆಲಸಗಳನ್ನು ಕೈಯಲ್ಲಿ ಹಿಡಿದಿರಬಲ್ಲದು, ಹೊಸದು 512. ಪ್ರತಿ ಕೋರ್‌ನ ಪಕ್ಕದಲ್ಲಿರುವ ಎರಡನೇ ಹಂತದ ಕ್ಯಾಶ್ ಹಳೆಯದರಲ್ಲಿ 256 ಕೆಬಿ. ಹೊಸದರ ದೊಡ್ಡ ಕೋರ್‌ನಲ್ಲಿ 1.25 ಎಂಬಿ, ಅಂದರೆ ಐದು ಪಟ್ಟು. ಎಲ್ಲ ಕೋರ್‌ಗಳೂ ಹಂಚಿಕೊಳ್ಳುವ ಕ್ಯಾಶ್ 4 ಎಂಬಿಯಿಂದ 10 ಎಂಬಿಗೆ ಬಂದಿದೆ. ಹೀಗಾಗಿ ಎರಡೂ ಒಂದೇ ಗಿಗಾಹರ್ಟ್ಸ್‌ನಲ್ಲಿ ಓಡಿದರೂ ಹೊಸದು ಜಾಸ್ತಿ ಕೆಲಸ ಮುಗಿಸುತ್ತದೆ.

ಮೇಲಾಗಿ 1.2 ಎನ್ನುವುದು ಅದರ ನಿಜವಾದ ಓಟದ ವೇಗವೂ ಅಲ್ಲ. ಎಲ್ಲ ಕೋರ್‌ಗಳಿಗೂ ಬಿಡುವಿಲ್ಲದೆ ಕೆಲಸ ಕೊಟ್ಟು, ವಿದ್ಯುತ್ತನ್ನು 15 ವಾಟ್‌ಗೆ ಕಟ್ಟಿಹಾಕಿದರೂ ಇಷ್ಟಾದರೂ ಓಡುತ್ತೇನೆ ಎಂದು ಕೊಡುವ ಭರವಸೆ ಅದು. ನೀವು ಒಂದು ಫೈಲ್ ತೆರೆದಾಗ, ಪುಟ ಬದಲಿಸಿದಾಗ ದೊಡ್ಡ ಕೋರ್ 4.4 ಗಿಗಾಹರ್ಟ್ಸ್ ತನಕ ಹಾರುತ್ತದೆ. ಕೆಲಸ ಮುಗಿಸಿ ಮತ್ತೆ ಇಳಿಯುತ್ತದೆ. ನಿಮ್ಮದು ಅಂಥ ಹೊತ್ತಿನಲ್ಲಿ ಮುಟ್ಟುವುದು 3.5. ಹೋಲಿಸುವುದಾದರೆ 3.5ನ್ನು 4.4ರ ಜೊತೆ ಹೋಲಿಸಿ. 2.7 ಮತ್ತು 1.2ನ್ನು ಮರೆತುಬಿಡಿ.

ಕೋರ್‌ಗಳ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. 1215ಯುನಲ್ಲಿ ಆರು ಕೋರ್. ಎಲ್ಲವೂ ಒಂದೇ ತರಹ ಇಲ್ಲ. ಎರಡು ದೊಡ್ಡವು, ನಾಲ್ಕು ಚಿಕ್ಕವು. ದೊಡ್ಡವು ಭಾರದ ಕೆಲಸಕ್ಕೆ. ಚಿಕ್ಕವು ಕಡಿಮೆ ವಿದ್ಯುತ್ತಿನಲ್ಲಿ ಹಿನ್ನೆಲೆಯ ಕೆಲಸ ನೋಡಿಕೊಳ್ಳಲು: ಆಂಟಿವೈರಸ್, ಅಪ್‌ಡೇಟ್, ಇಮೇಲ್ ತರುವುದು. ಈ ಚಿಕ್ಕ ಕೋರ್‌ಗಳನ್ನು ಕೀಳಾಗಿ ಕಾಣಬೇಡಿ. ಅದೇ ವೇಗದಲ್ಲಿ ಓಡಿಸಿದರೆ ಅವುಗಳಲ್ಲಿ ಒಂದೊಂದೂ ನಿಮ್ಮ 7500ಯುನ ಒಂದು ಕೋರ್‌ಗೆ ಹೆಚ್ಚುಕಡಿಮೆ ಸಮ. ನಿಮ್ಮ ಐ7ನಲ್ಲಿ ಅಂಥವು ಎರಡು ಇದ್ದವು, ಅವೇ ಮುಖ್ಯ ಆಳುಗಳು. ಹೊಸ ಐ3ನಲ್ಲಿ ಅಂಥವು ನಾಲ್ಕು ಸಹಾಯಕರಾಗಿ ನಿಂತಿವೆ. ಮುಖ್ಯ ಆಳುಗಳು ಬೇರೆ ಎರಡು ಇವೆ.

ಆರು ಕೋರ್ ಅಂದಾಗಲೆಲ್ಲ ನನಗೆ ಬೆಂಗಳೂರು ನೆನಪಾಗುತ್ತದೆ. 2008ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ತಂದ ಆರು ಕೋರ್‌ನ ಜಿಯಾನ್ 7400 ಸಾಲಿನ ಪ್ರೊಸೆಸರ್ ವಿನ್ಯಾಸವಾದದ್ದು ಬೆಂಗಳೂರಿನ ತಂಡದ ಕೈಯಲ್ಲಿ. ಡನಿಂಗ್ಟನ್ ಎಂಬುದು ಅದರ ಒಳಹೆಸರು. ಆಗ ಅದು ಕಂಪನಿಗಳ ದೊಡ್ಡ ಸರ್ವರ್‌ಗಳಿಗೆ ಮಾತ್ರ. ಹದಿನಾಲ್ಕು ವರ್ಷದಲ್ಲಿ ಆರು ಕೋರ್ ಒಂದು ಐ3ಯೊಳಗೆ, ನಿಮ್ಮ ಮಗಳ ಬ್ಯಾಗಿಗೆ ಬಂದು ಕೂತಿದೆ.

ಸಂಖ್ಯೆಗಳಲ್ಲಿ ಕಾಣದ ಎರಡು ವ್ಯತ್ಯಾಸ ಹೇಳಿಬಿಡುತ್ತೇನೆ. ಒಂದು ವಿಡಿಯೊ. ಯೂಟ್ಯೂಬ್ ಈಗ ಹಲವು ವಿಡಿಯೊಗಳನ್ನು ಎವಿ1 ಎಂಬ ರೂಪದಲ್ಲಿ ಕಳಿಸುತ್ತದೆ. ಅದನ್ನು ಬಿಡಿಸುವ ಬೇರೆಯೇ ಸರ್ಕ್ಯೂಟ್ 1215ಯು ಒಳಗೆ ಇದೆ. ನಿಮ್ಮದರಲ್ಲಿ ಅದಿಲ್ಲ. ಅಂಥ ವಿಡಿಯೊ ಬಂದಾಗ ಪಾಪ ಆ ಎರಡು ಕೋರ್‌ಗಳೇ ಬೆವರು ಸುರಿಸಿ ಬಿಡಿಸಬೇಕು. ಸುಮ್ನೆ ಒಂದು ಪಾಠದ ವಿಡಿಯೊ ನೋಡುತ್ತಿದ್ದರೂ ಫ್ಯಾನ್ ಕೂಗುವುದಕ್ಕೆ ಇದೂ ಒಂದು ಕಾರಣ ಇರಬಹುದು. ಇನ್ನೊಂದು ಸುರಕ್ಷತೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳು ಬಯಲಾದವು. ನಿಮ್ಮ ತಲೆಮಾರಿನ ಪ್ರೊಸೆಸರ್‌ನ ವಿನ್ಯಾಸದಲ್ಲೇ ಅವು ಇದ್ದವು. ಸಾಫ್ಟ್‌ವೇರ್‌ನಿಂದ ತೇಪೆ ಹಾಕಿದರು. ಆ ತೇಪೆಯಿಂದ ಕೆಲವು ಕೆಲಸಗಳು ಸ್ವಲ್ಪ ನಿಧಾನವಾದವು. ಹೊಸ ತಲೆಮಾರುಗಳಲ್ಲಿ ಇವುಗಳಲ್ಲಿ ಕೆಲವನ್ನು ಚಿಪ್‌ನಲ್ಲೇ ಸರಿಪಡಿಸಿದ್ದಾರೆ.

ಹೊಸ ಪ್ರೊಸೆಸರ್ ಮೇಲು, ಇದು ಇತ್ಯರ್ಥವಾಯಿತು. ಈಗ ನಿಮ್ಮ ಹಳೆಯದರ ಕಡೆ ಬರೋಣ. ನನ್ನ ಮನಸ್ಸು ಇರುವುದು ಇಲ್ಲೇ.

ಮನೆಯಲ್ಲಿ ಈ ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಎಂಬಲ್ಲಿ ಹೋಗಿ. ಸಿಪಿಯು, ಮೆಮೊರಿ, ಡಿಸ್ಕ್ ಎಂದು ಮೂರು ಸಾಲು ಕಾಣುತ್ತವೆ. ಹತ್ತು ನಿಮಿಷ ಸುಮ್ನೆ ನೋಡುತ್ತಾ ಕೂರಿ. ಡಿಸ್ಕ್ ಶೇ. 100ರಲ್ಲೇ ನಿಂತು ಸಿಪಿಯು ಶೇ. 20, 30ರಲ್ಲಿ ಓಡಾಡುತ್ತಿದ್ದರೆ ಪ್ರೊಸೆಸರ್ ಖಾಲಿ ಕೂತಿದೆ ಎಂದರ್ಥ. ಪೇಟೆಗೆ ಹೋದ ಆಳು ಬರಲಿ ಎಂದು ಬಡಿಸುವವರೆಲ್ಲ ಕೈಕಟ್ಟಿ ನಿಂತಿದ್ದಾರೆ. ನಿಮ್ಮ ವಿವರ ಓದಿದರೆ ನಿಮ್ಮಲ್ಲಿ ಆಗುತ್ತಿರುವುದು ಇದೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ಯಾಕೆ ಹೀಗೆ? ಆ ಕಾಲದ ಲ್ಯಾಪ್‌ಟಾಪ್‌ಗಳ 1 ಟಿಬಿ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುವಂಥದ್ದು. ಒಳಗೆ ತಟ್ಟೆ ತಿರುಗುತ್ತದೆ, ಸೂಜಿಯಂಥ ಕೈ ಅತ್ತಿತ್ತ ಓಡಾಡಿ ಓದುತ್ತದೆ. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲ್‌ಗಳು ಬೇಕು. ಅವು ತಟ್ಟೆಯ ಬೇರೆ ಬೇರೆ ಕಡೆ ಇರುತ್ತವೆ. ಕೈ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ, ತಟ್ಟೆ ಸರಿಯಾದ ಜಾಗಕ್ಕೆ ತಿರುಗಿ ಬರುವಷ್ಟರಲ್ಲಿ ಹತ್ತು ಹದಿನೈದು ಮಿಲಿಸೆಕೆಂಡ್ ಆಗುತ್ತದೆ. ಸೆಕೆಂಡಿಗೆ ಹೆಚ್ಚೆಂದರೆ ನೂರರ ಆಸುಪಾಸು ಇಂಥ ಓಡಾಟ. ಹಾರ್ಡ್ ಡಿಸ್ಕ್ ಬದಲು ಈಗ ಹಾಕುವ ಎಸ್‌ಎಸ್‌ಡಿ ಎಂಬ ಸಂಗ್ರಹ ಸಾಧನದಲ್ಲಿ ತಿರುಗುವ ಭಾಗವೇ ಇಲ್ಲ. ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದಿ ಕೊಡುತ್ತದೆ. ಪ್ರೊಸೆಸರ್‌ಗಳ ನಡುವೆ ನಾವು ಎರಡು ಪಟ್ಟು, ಮೂರು ಪಟ್ಟು ಎಂದು ಲೆಕ್ಕ ಹಾಕುತ್ತಿದ್ದೆವು. ಇಲ್ಲಿ ವ್ಯತ್ಯಾಸ ನೂರಾರು ಪಟ್ಟು. ಹೊಸ ಲ್ಯಾಪ್‌ಟಾಪ್ ಅಂಗಡಿಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆನ್ ಆಗುತ್ತದಲ್ಲ, ಆ ಮ್ಯಾಜಿಕ್‌ನ ದೊಡ್ಡ ಪಾಲು ಎಸ್‌ಎಸ್‌ಡಿಯದ್ದು. ಹೆಸರು ಮಾತ್ರ ಪ್ರೊಸೆಸರ್‌ಗೆ ಬರುತ್ತದೆ.

ಆದ್ದರಿಂದ ನಿಮ್ಮ ಹಳೆಯದಕ್ಕೆ ಮೊದಲು ಒಂದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಹಾರ್ಡ್ ಡಿಸ್ಕ್ ಇರುವ ಜಾಗಕ್ಕೇ ಅದು ಕೂರುತ್ತದೆ. 500 ಜಿಬಿ ಸಾಕು.

ಎರಡನೆಯದು ಫ್ಯಾನ್ ಸದ್ದು. ಹೋದ ತಿಂಗಳು ಇದೇ 7500ಯು ಇರುವ ಲ್ಯಾಪ್‌ಟಾಪ್ ಒಂದನ್ನು ನನ್ನ ಮೇಜಿನ ಮೇಲೆ ಬಿಚ್ಚಿದೆ. ತಳದ ಮುಚ್ಚಳ ತೆಗೆದು, ಫ್ಯಾನ್‌ನ ಮೂರು ಸ್ಕ್ರೂ ಬಿಚ್ಚಿ ಪಕ್ಕಕ್ಕೆ ಎತ್ತಿದೆ. ಫ್ಯಾನ್‌ಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ಒಂದು ಪಟ್ಟಿ ಅಂಟಿಕೊಂಡಿತ್ತು. ಕಂಬಳಿಯಿಂದ ಕತ್ತರಿಸಿದ ತುಂಡಿನ ಹಾಗೆ. ಚಿಮಟದಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಬಂತು. ವರ್ಷಗಳ ಧೂಳು, ಕೂದಲು, ಬಟ್ಟೆಯ ನೂಲು ಸೇರಿ ಆದದ್ದು. ಗಾಳಿ ಹೊರಗೆ ಹೋಗುವ ದಾರಿಯನ್ನೇ ಅದು ಮುಚ್ಚಿತ್ತು. ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಅಲ್ಲೇ ಸುತ್ತುತ್ತಿತ್ತು. ತಾಮ್ರದ ಕೊಳವೆಯ ಚೌಕಟ್ಟು ಎತ್ತಿದಾಗ ಕೆಳಗೆ ಪ್ರೊಸೆಸರ್ ಕಂಡಿತು. ಅದರ ಮೇಲಿನ, ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸೀಮೆಸುಣ್ಣದ ಹಾಗೆ ಉದುರುತ್ತಿತ್ತು. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದ ಮೇಲೆ ಕನ್ನಡಿಯಂತೆ ಹೊಳೆಯುವ ಎರಡು ತುಂಡು ಕಂಡವು. ದೊಡ್ಡದು ಪ್ರೊಸೆಸರ್, ಬೆರಳ ಉಗುರಿನಷ್ಟು. ಚಿಕ್ಕದು ಚಿಪ್‌ಸೆಟ್. ಇಡೀ ಲ್ಯಾಪ್‌ಟಾಪ್‌ನ ಬಿಸಿ ಹೆಚ್ಚಾಗಿ ಆ ಉಗುರಿನಷ್ಟು ಜಾಗದಿಂದ ಹೊರಗೆ ಬರಬೇಕು. ನಡುವೆ ಒಣ ಸೀಮೆಸುಣ್ಣ ಇದ್ದರೆ ಹೇಗೆ ಬಂದೀತು?

ಪ್ರೊಸೆಸರ್ 100 ಡಿಗ್ರಿ ಮುಟ್ಟಿದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗ ನಿಮ್ಮ 3.5 ಗಿಗಾಹರ್ಟ್ಸ್ ಹೋಗಿ ಎರಡಕ್ಕೋ ಅದಕ್ಕೂ ಕೆಳಗೋ ಬರುತ್ತದೆ. ಎಂದರೆ ನೀವು ಈಗ ಬಳಸುತ್ತಿರುವುದು ಪೂರ್ತಿ ಐ7 ಅಲ್ಲದೇ ಇರಬಹುದು. ಧೂಳು ತೆಗೆಸಿ ಹೊಸ ಪೇಸ್ಟ್ ಹಾಕಿಸಿದರೆ ಅದು ವಾಪಸ್ ಸಿಗುತ್ತದೆ. ಎಸ್‌ಎಸ್‌ಡಿ ಹಾಕಲು ಹೇಗೂ ಬಿಚ್ಚುತ್ತಾರಲ್ಲ, ಎರಡನ್ನೂ ಒಂದೇ ಸಲ ಮಾಡಿಸಿ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಇನ್ನೊಂದನ್ನೂ ಗಮನಿಸಿ. ಸಿಪಿಯು ವೇಗ 0.39 ಅಥವಾ 0.79 ಗಿಗಾಹರ್ಟ್ಸ್‌ನಲ್ಲೇ ಅಲುಗಾಡದೆ ನಿಂತಿದ್ದರೆ ಅದು ಬೇರೆಯೇ ಕಾಯಿಲೆ. ಕೆಲವು ಲ್ಯಾಪ್‌ಟಾಪ್‌ಗಳು ತಮ್ಮದೇ ಚಾರ್ಜರ್ ಅಲ್ಲ ಅನ್ನಿಸಿದರೆ ಅಥವಾ ಬ್ಯಾಟರಿ ಕೆಟ್ಟಿದ್ದರೆ ಪ್ರೊಸೆಸರ್‌ಗೆ ‘ನಿಧಾನಿಸು’ ಎಂದು ಸಂಕೇತ ಕಳಿಸಿಬಿಡುತ್ತವೆ. ಚಾರ್ಜರ್ ಒಮ್ಮೆ ತೆಗೆದು ನೋಡಿ. ವೇಗ ಏರಿದರೆ ಕಳ್ಳ ಸಿಕ್ಕಿದ ಹಾಗೆ. ಪ್ರೊಸೆಸರ್ ಹಳೆಯದಾಯಿತು ಎಂದುಕೊಂಡು ಒಳ್ಳೆಯ ಲ್ಯಾಪ್‌ಟಾಪ್‌ಗಳನ್ನು ಗುಜರಿಗೆ ಹಾಕಿದವರನ್ನು ನಾನು ನೋಡಿದ್ದೇನೆ. ಬೇಕಿದ್ದದ್ದು ಒಂದು ಸರಿಯಾದ ಚಾರ್ಜರ್.

ಇಷ್ಟೆಲ್ಲ ಮಾಡಿಸಿದರೆ ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಎಕ್ಸೆಲ್‌ನಲ್ಲಿ ಅಂಕಪಟ್ಟಿ, ಪಿಡಿಎಫ್, ಬ್ರೌಸರ್ ಎಲ್ಲದಕ್ಕೂ ಆ 7500ಯು ಇನ್ನೂ ಕೆಲವು ವರ್ಷ ಧಾರಾಳವಾಗಿ ಸಾಕು. ಆದರೆ ಒಂದು ಗಂಭೀರ ತೊಡಕಿದೆ. ಮೊದಲು ಹೇಳಿದ ಗೆರೆ ಇಲ್ಲಿಗೆ ಬರುತ್ತದೆ. ವಿಂಡೋಸ್ 11ಗೆ ಮೈಕ್ರೋಸಾಫ್ಟ್ ಒಪ್ಪಿದ್ದು ಎಂಟನೇ ತಲೆಮಾರಿನಿಂದ ಈಚಿನದನ್ನು. ಏಳನೆಯದರಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ ಅವಕಾಶ ಕೊಟ್ಟರು. ನಿಮ್ಮದು ಅದರಲ್ಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಸುರಕ್ಷತೆಯ ಅಪ್‌ಡೇಟ್ 2026ರ ಅಕ್ಟೋಬರ್ 13ರ ತನಕ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಪ್ರೊಸೆಸರ್‌ನ ಶಕ್ತಿ ಮುಗಿಯುವ ಮೊದಲೇ ಅದರ ಅವಧಿ ಮುಗಿಸಿದ್ದು ನನಗೆ ಸರಿ ಕಾಣುವುದಿಲ್ಲ. ಆದರೂ ವಾಸ್ತವ ಅದೇ.

ನಿಯಮ ತಪ್ಪಿಸಿ ವಿಂಡೋಸ್ 11 ಹಾಕುವ ದಾರಿಗಳಿವೆ. ಅಂಗಡಿಯವರು ಹಾಕಿಕೊಡುತ್ತೇವೆ ಎನ್ನಲೂಬಹುದು. ನಿಮಗೆ ನಾನು ಅದನ್ನು ಹೇಳುವುದಿಲ್ಲ. ಮುಂದೆ ಯಾವುದಾದರೂ ಅಪ್‌ಡೇಟ್ ನಿಂತುಹೋದರೆ ಕೇಳುವವರಿರುವುದಿಲ್ಲ. ಮಕ್ಕಳ ಅಂಕಗಳು, ಶಾಲೆಯ ದಾಖಲೆಗಳು ಇರುವ ಯಂತ್ರ ಅದು. ಅದರ ಬದಲು ಲಿನಕ್ಸ್ ಮಿಂಟ್ ಹಾಕಿಸಿಕೊಳ್ಳಿ, ಅದು ವಿಂಡೋಸ್ ಜಾಗದಲ್ಲಿ ಕೂರುವ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, 7500ಯು ಮೇಲೆ ಚೆನ್ನಾಗಿ ಓಡುತ್ತದೆ. ಕನ್ನಡ ಕೀಲಿಮಣೆಯಲ್ಲಿ ಕಗಪ ವಿನ್ಯಾಸವೂ ಅದರಲ್ಲೇ ಬರುತ್ತದೆ. ಹಾಗಾಗಿ ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯುವ ಕಷ್ಟ ಇಲ್ಲ. ಒಂದೇ ಎಚ್ಚರ. ನಿಮ್ಮ ಹಳೆಯ ಪ್ರಶ್ನೆಪತ್ರಿಕೆಗಳು ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿದ್ದರೆ, ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡ್‌ಗೆ ಬದಲಿಸಿ ಇಟ್ಟುಕೊಳ್ಳಿ. ಆಮೇಲೆ ಪರದಾಡುವುದು ಬೇಡ.

ಈಗ ಮಗಳ ವಿಷಯ. ಅವಳಿಗೆ ಹೊಸದು ಬೇಕು, ಇದರಲ್ಲಿ ಎರಡು ಮಾತಿಲ್ಲ. ಮೊದಲ ವರ್ಷ ಸಿ, ಪೈಥಾನ್ ಕಲಿಯಲು ನಿಮ್ಮ ಹಳೆಯದೂ ಸಾಕು. ಆದರೆ ಮುಂದೆ ಆಂಡ್ರಾಯ್ಡ್ ಸ್ಟುಡಿಯೊ ತೆರೆದು, ಪಕ್ಕದಲ್ಲಿ ಬ್ರೌಸರ್‌ನ ಇಪ್ಪತ್ತು ಟ್ಯಾಬ್ ಇಟ್ಟುಕೊಂಡು ಕೂತಾಗ ಎರಡು ಕೋರ್ ಉಸಿರುಗಟ್ಟುತ್ತವೆ. ಐ3-1215ಯು ಆ ಕೆಲಸ ಮಾಡುತ್ತದೆ. ನಾಲ್ಕು ವರ್ಷಕ್ಕೆ ಅದು ಸಾಕೇ ಎಂದು ಕೇಳಿದರೆ, ಪ್ರೊಸೆಸರ್ ಸಾಕು, 8 ಜಿಬಿ ರ‍್ಯಾಮ್ ಸಾಲದು ಎನ್ನುತ್ತೇನೆ. ಈ ಬೆಲೆಯ ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆಮೇಲೆ ಜಾಸ್ತಿ ಮಾಡಲು ಆಗುವುದಿಲ್ಲ. ನಿಮ್ಮ 2017ರ ಲ್ಯಾಪ್‌ಟಾಪ್‌ನಲ್ಲಿ ತೆಗೆದು ಹಾಕುವ ರ‍್ಯಾಮ್ ಇರುವ ಸಾಧ್ಯತೆಯೇ ಜಾಸ್ತಿ. ಈ ಒಂದು ವಿಷಯದಲ್ಲಿ ಹಳೆಯದೇ ಮೇಲು. ಅಂಗಡಿಯವರನ್ನು ನೇರವಾಗಿ ಕೇಳಿ: ‘ರ‍್ಯಾಮ್‌ಗೆ ಖಾಲಿ ಸ್ಲಾಟ್ ಇದೆಯಾ?’ ಇಲ್ಲ ಎಂದರೆ 16 ಜಿಬಿ ಇರುವ ಮಾದರಿಯನ್ನೇ ಕೊಳ್ಳಿ. 16 ಜಿಬಿಯ ಐ3, 8 ಜಿಬಿಯ ಐ5 ಎರಡೂ ಒಂದೇ ಬೆಲೆಗೆ ಸಿಕ್ಕರೆ ನಾನು ಐ3 ತೆಗೆದುಕೊಳ್ಳುತ್ತೇನೆ.

ಇನ್ನೂ ಸ್ವಲ್ಪ ಖರ್ಚು ಮಾಡಬಹುದಾದರೆ ಐ5-12450ಎಚ್ ನೋಡಿ. ಅದರಲ್ಲಿ ನಾಲ್ಕು ದೊಡ್ಡ, ನಾಲ್ಕು ಚಿಕ್ಕ ಕೋರ್. 45 ವಾಟ್ ವರ್ಗದ್ದು, ಬ್ಯಾಟರಿ ಬೇಗ ಕುಡಿಯುತ್ತದೆ. ಹಾಸ್ಟೆಲ್‌ನಲ್ಲಿ ಪ್ಲಗ್ ಪಕ್ಕದಲ್ಲೇ ಕೂತು ಕೆಲಸ ಮಾಡುವವಳಾದರೆ ತೊಂದರೆ ಇಲ್ಲ. ದಿನವೂ ಹೊತ್ತು ಓಡಾಡುವವಳಾದರೆ ರೈಜನ್ 5 7530ಯು ಒಳ್ಳೆಯ ನಡುದಾರಿ. ಆರು ಕೋರ್, 15 ವಾಟ್.

ಆದರೆ ಈ ಜಾಗದಲ್ಲಿ ತುಂಬಾ ಜನ ಜಾರುತ್ತಾರೆ. 7530ಯು ಪಕ್ಕದಲ್ಲೇ 7520ಯು ಎಂದು ಇನ್ನೊಂದು ಇರುತ್ತದೆ. ಒಂದೇ ಅಂಕಿಯ ವ್ಯತ್ಯಾಸ. ಎಎಮ್‌ಡಿಯ ಆ ಸಾಲಿನಲ್ಲಿ ಮೂರನೇ ಅಂಕಿ ಒಳಗಿನ ವಿನ್ಯಾಸ ಯಾವ ಕಾಲದ್ದು ಎಂದು ಹೇಳುತ್ತದೆ. 3 ಎಂದರೆ ಜೆನ್ 3. 2 ಎಂದರೆ ಜೆನ್ 2, ಅದು 2019ರಲ್ಲಿ ಬಂದ ವಿನ್ಯಾಸ, ಅದರಲ್ಲೂ ನಾಲ್ಕೇ ಕೋರ್. ಎರಡರ ಮೇಲೂ ರೈಜನ್ 5 ಎಂದೇ ಸ್ಟಿಕ್ಕರ್. ಇಂಟೆಲ್‌ನಲ್ಲೂ ಹೀಗೇ. ಐ3-1215ಯು, ಐ3-1315ಯು, ಆಮೇಲೆ ಬಂದ ಕೋರ್ 3 100ಯು ಈ ಮೂರಕ್ಕೂ ಹೆಸರು ಬೇರೆ ಬೇರೆ. ಒಳಗೆ ಮೂರರಲ್ಲೂ ಎರಡು ದೊಡ್ಡ, ನಾಲ್ಕು ಚಿಕ್ಕ ಕೋರ್. ಗರಿಷ್ಠ ವೇಗ 4.4, 4.5, 4.7 ಎಂದು ಅಷ್ಟಷ್ಟು ಏರಿದೆ. ಹೊಸ ಹೆಸರಿಗೆಂದು ಜಾಸ್ತಿ ದುಡ್ಡು ಕೊಡಬೇಡಿ.

ಎನ್100 ಎಂಬ ಪ್ರೊಸೆಸರ್ ಇರುವ ಅಗ್ಗದ ಲ್ಯಾಪ್‌ಟಾಪ್ ತೋರಿಸಿದರೆ ಬೇಡ ಅನ್ನಿ. ಅದರಲ್ಲಿ ಇರುವುದು ನಾಲ್ಕು ಚಿಕ್ಕ ಕೋರ್ ಮಾತ್ರ, ದೊಡ್ಡದು ಒಂದೂ ಇಲ್ಲ. 2023ರದ್ದಾದರೂ ಒಂಟಿ ಕೋರ್‌ನ ವೇಗದಲ್ಲಿ ನಿಮ್ಮ 2016ರ 7500ಯು ಆಸುಪಾಸಿನಲ್ಲೇ ಇದೆ. ಹೊಸದು ಎಂದ ಮಾತ್ರಕ್ಕೆ ವೇಗವಾಗಿರಬೇಕಿಲ್ಲ ಎನ್ನುವುದಕ್ಕೆ ಒಳ್ಳೆಯ ಉದಾಹರಣೆ ಅದು.

ಇನ್ನೊಂದು ವಿಷಯ ಯಾವ ಡಬ್ಬದ ಮೇಲೂ ಬರೆದಿರುವುದಿಲ್ಲ. 1215ಯು ಕಾಗದದ ಮೇಲೆ 15 ವಾಟ್ ಆದರೂ ಸ್ವಲ್ಪ ಹೊತ್ತಿಗೆ 55 ವಾಟ್ ತನಕ ಎಳೆಯಬಲ್ಲದು. ಎಷ್ಟು ಎಳೆಯಲು ಬಿಡಬೇಕು, ಎಷ್ಟು ಹೊತ್ತು ಬಿಡಬೇಕು ಎನ್ನುವುದನ್ನು ಲ್ಯಾಪ್‌ಟಾಪ್ ಮಾಡುವ ಕಂಪನಿ ನಿರ್ಧರಿಸುತ್ತದೆ. ಅದು ಒಳಗಿನ ಫ್ಯಾನ್, ತಾಮ್ರದ ಕೊಳವೆ ಎಷ್ಟು ಚೆನ್ನಾಗಿವೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಒಂದೇ ಪ್ರೊಸೆಸರ್ ಇರುವ ಎರಡು ಲ್ಯಾಪ್‌ಟಾಪ್‌ಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ತೀರಾ ತೆಳ್ಳಗಿನದಕ್ಕೆ ಮನಸೋಲಬೇಡಿ. ತಳದಲ್ಲಿ ಗಾಳಿಗೆ ಸಾಕಷ್ಟು ಕಿಂಡಿ ಇದೆಯೇ ಎಂದು ತಿರುಗಿಸಿ ನೋಡಿ.

ಮಗಳಿಗೆ ಒಂದು ಮಾತು ಹೇಳಿಡಿ. ನಿಮ್ಮ ಹಳೆಯದರ ಮುಚ್ಚಳ ಮುಚ್ಚಿದರೆ ಅದು ಪೂರ್ತಿ ಮಲಗುತ್ತಿತ್ತು. ಹೊಸ ಹಲವು ಲ್ಯಾಪ್‌ಟಾಪ್‌ಗಳು ಮುಚ್ಚಳ ಮುಚ್ಚಿದರೂ ಫೋನಿನ ಹಾಗೆ ಅರೆ ಎಚ್ಚರದಲ್ಲಿರುತ್ತವೆ. ಹಾಗೇ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದರೆ ಇಳಿಯುವಷ್ಟರಲ್ಲಿ ಬಿಸಿಯಾಗಿ ಬ್ಯಾಟರಿ ಖಾಲಿಯಾಗಿರಬಹುದು. ಶಿವಮೊಗ್ಗದಿಂದ ಬೆಂಗಳೂರಿನ ದಾರಿ ಉದ್ದ. ಬ್ಯಾಗಿಗೆ ಹಾಕುವ ಮೊದಲು ಶಟ್‌ಡೌನ್ ಮಾಡಲಿ, ಇಲ್ಲವೇ ಹೈಬರ್ನೇಟ್.

ನಾನಾದರೆ ಹೀಗೆ ಮಾಡುತ್ತಿದ್ದೆ. ಮೊದಲು ಹಳೆಯದಕ್ಕೆ ಎಸ್‌ಎಸ್‌ಡಿ ಹಾಕಿಸಿ, ಧೂಳು ತೆಗೆಸಿ, ಎರಡು ವಾರ ನೀವೇ ಬಳಸಿ. ಕಾಲೇಜು ಶುರುವಾಗುವ ಹೊತ್ತಿಗೆ ಮಗಳಿಗೆ 16 ಜಿಬಿಯ ಹೊಸದು. ಹೊಸದು ಬಂತೆಂದು ಹಳೆಯದನ್ನು ಬದಲಿಗೆ ಕೊಟ್ಟುಬಿಡಬೇಡಿ. ಅದಕ್ಕೆ ಕೊಡುವ ದುಡ್ಡು ತೀರಾ ಕಡಿಮೆ, ನಿಮಗೆ ಅದರಿಂದ ಸಿಗುವ ಕೆಲಸ ಜಾಸ್ತಿ. ಬಿಚ್ಚಿ ತೆಗೆದ 1 ಟಿಬಿ ಹಾರ್ಡ್ ಡಿಸ್ಕ್ ಅನ್ನೂ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ನಿಮ್ಮ ಎಲ್ಲ ಫೈಲ್‌ಗಳು ಅದರಲ್ಲಿವೆ. ಒಂದು ಯುಎಸ್‌ಬಿ ಕೇಸ್ ಕೊಂಡು ಅದರೊಳಗೆ ಕೂರಿಸಿದರೆ, ವಾರಕ್ಕೊಮ್ಮೆ ನಿಮ್ಮ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಮನೆಯ ಫೋಟೊಗಳ ಇನ್ನೊಂದು ಪ್ರತಿ ಇಟ್ಟುಕೊಳ್ಳಲು ಅದೇ ಆಗುತ್ತದೆ. ನಿಧಾನವಾದರೂ ಆ ಕೆಲಸಕ್ಕೆ ಅವಸರ ಇರುವುದಿಲ್ಲ ಅಲ್ವಾ.